ಇನ್ನೂರು ಗ್ರಾಂ ಪ್ರಸಾದ

ಮೇಷ್ಟ್ರ ಎರಡು ಅಂಗೈಗಳೂ ಕಪ್ಪು. ಕೊಳೆಯಲ್ಲ, ಹಸಿ ತೆಂಗಿನ ಸಿಪ್ಪೆಯ ಕರೆ. ವರ್ಷಗಟ್ಟಲೆ ಕಾಯಿ ಸುಲಿದ ಕೈಗೆ ಹತ್ತಿದ ಆ ಕರೆ ಸೋಪಿಗೂ ಜಗ್ಗುವುದಿಲ್ಲ, ಸೀಮೆಎಣ್ಣೆಗೂ ಜಗ್ಗುವುದಿಲ್ಲ. ಸಂಜೆ ಐದಕ್ಕೆ ಬೆಳ್ಳಗೆ ಒಗೆದ ಕರಾಟೆ ಬಟ್ಟೆ ತೊಟ್ಟು ನಿಂತರೆ, ಆ ತೋಳುಗಳ ತುದಿಗೆ ಬೇರೆ ಯಾರದೋ ಕೈ ತಂದು ಇಟ್ಟ ಹಾಗೆ ಕಾಣುತ್ತದೆ.

ಹೊಸದುರ್ಗದ ತೆಂಗಿನಕಾಯಿ ಮಂಡಿಯಲ್ಲಿ, ನೆಲಕ್ಕೆ ನೆಟ್ಟ ಹಾರೆಯ ಮುಂದೆ ನಿಂತು ಕಾಯಿ ಸುಲಿಯುವುದು ಅವರ ಕೆಲಸ. ಸಂಜೆಯಾದರೆ ಅದೇ ಮಂಡಿಯ ಅಂಗಳವನ್ನು ತಾವೇ ಗುಡಿಸಿ, ನೀರು ಚಿಮುಕಿಸಿ, ಮಕ್ಕಳಿಗೆ ಕರಾಟೆ ಹೇಳಿಕೊಡುತ್ತಾರೆ. ನನ್ನ ಮಗಳು ಅಲ್ಲಿಗೆ ಹೋಗತೊಡಗಿದಾಗ ಅವಳಿಗೆ ಎಂಟು ವರ್ಷ. ಮನೆಗೆ ಬಂದರೆ ಅಂಗಾಲಿನ ತುಂಬಾ ನಾರು.

ಒಂದು ಸಂಜೆ ನಮ್ಮತ್ತೆ ತಾವೂ ನೋಡಬೇಕೆಂದು ಬಂದರು. ಮೇಷ್ಟ್ರು ಏನು ಹೇಳಿದರೂ ಮಕ್ಕಳು ಬಗ್ಗಿ ‘ಓಸ್’ ಎನ್ನುತ್ತಿದ್ದವು. ಕರಾಟೆಯಲ್ಲಿ ಅದು ‘ಆಗಲಿ ಗುರುಗಳೇ’ ಎಂದ ಹಾಗೆ. ಅತ್ತೆಗೆ ಬೇರೆಯೇ ಕೇಳಿಸಿತು.

“ಇದೇನವ್ವ, ಗುರುಗಳ ಮುಂದೆ ನಿಂತ್ಕಂಡು ಊಸು ಊಸು ಅಂತವೆ! ಯಾರು ಬಿಟ್ರಂತೆ?”

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಮೇಷ್ಟ್ರಿಗೂ ಕೇಳಿಸಿತ್ತು. “ಅಜ್ಜಿ, ಯಾರೂ ಬಿಟ್ಟಿಲ್ಲ, ಕುಂತ್ಕಳ್ರಿ,” ಎಂದವರೇ ಮಕ್ಕಳ ಕಡೆಗೆ ತಿರುಗಿದರು. ಅವರ ಹೆಗಲು ಮಾತ್ರ ನಗುವಿಗೆ ಕುಲುಕುತ್ತಿತ್ತು.

ಹಾಗೆ ನಗುವುದು ಅಪರೂಪ. ಐದು ನಿಮಿಷ ತಡವಾಗಿ ಹೋದ ಮಗು ಅಂಗಳಕ್ಕೆ ಹತ್ತು ಸುತ್ತು ಹಾಕಲೇಬೇಕು. ‘ಭೇಷ್’ ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಿಲ್ಲ. ಚೆನ್ನಾಗಿ ಮಾಡಿದವರಿಗೆ “ಹ್ಞೂಂ, ಇನ್ನೊಂದ್ಸಲ,” ಅಷ್ಟೆ. ಒಮ್ಮೊಮ್ಮೆ, ಇಷ್ಟು ಬಿಗಿ ಬೇಕಾ ಎಂದು ನನಗೇ ಅನಿಸಿದೆ.

ಮಗಳಿಗೆ ಹತ್ತು ತುಂಬಿದ ವರ್ಷ ಚಿತ್ರದುರ್ಗದಲ್ಲಿ ಪಂದ್ಯ. ಹಿಂದಿನ ಎರಡು ಪಂದ್ಯಗಳಲ್ಲೂ ಅವಳು ಮೊದಲ ಆಟಕ್ಕೇ ಸೋತು ಬಂದಿದ್ದಳು. ನಮ್ಮ ಮನೆಯವರು ಕಟ್ಟುನಿಟ್ಟಾಗಿ ಹೇಳಿದ್ದರು: “ಈ ಸಲ ಒಂದಾಟನಾದ್ರೂ ಗೆದ್ರೆ ಮುಂದಕ್ಕೆ ಹೋಗ್ಲಿ. ಇಲ್ಲಾಂದ್ರೆ ಸಾಯಂಕಾಲ ಟ್ಯೂಷನ್‌ಗೆ ಹಾಕಾಣ.” ಮಗಳು ಅಂದಿನಿಂದ ಮನೆಯ ಹಿತ್ತಿಲಿನಲ್ಲೂ ಒದೆಯುತ್ತಿದ್ದಳು.

ಪಂದ್ಯದಲ್ಲಿ ಸರಿಸಮ ತೂಕದ ಮಕ್ಕಳನ್ನೇ ಎದುರುಬದುರು ನಿಲ್ಲಿಸುತ್ತಾರೆ. ಇವಳದು ಮೂವತ್ತು ಕೆಜಿ ಒಳಗಿನ ಗುಂಪು. ಹಿಂದಿನ ಸಂಜೆ ಮಂಡಿಯ ತಕ್ಕಡಿಯಲ್ಲಿ ನಿಲ್ಲಿಸಿದರೆ ಮೂವತ್ತಕ್ಕೆ ನೂರು ಗ್ರಾಂ ಕಡಿಮೆ. ಮೇಷ್ಟ್ರು ನನ್ನನ್ನು ಕರೆದು, “ಅಕ್ಕಾರೆ, ನಾಳೆ ತೂಕ ಆಗೋವರ್ಗೂ ಊಟ ತಿಂಡಿ ಏನೂ ಬ್ಯಾಡ. ಆಮೇಲೆ ಹೊಟ್ಟೆ ತುಂಬಾ ಕೊಡ್ರಿ,” ಎಂದರು.

ಆಗ ಧನುರ್ಮಾಸ. ನಾನು ಬೆಳಗಿನ ಜಾವವೇ ಮಿಂದು ಗುಡಿಗೆ ಹೋಗಿ ಬಿಸಿ ಹುಗ್ಗಿಯ ಪ್ರಸಾದ ಡಬ್ಬಿಗೆ ಹಾಕಿಸಿಕೊಂಡು ಬಂದೆ. ಮೊದಲನೇ ಬಸ್ಸಿನಲ್ಲಿ ಸೀಟು ಸಿಕ್ಕಿತು. ದೇವರು ದೊಡ್ಡವನು ಎಂದುಕೊಂಡೆ. ಹೊಳಲ್ಕೆರೆ ದಾಟುವಾಗ ಡಬ್ಬಿ ಬಿಚ್ಚಿದೆ.

“ಅಮ್ಮಾ, ಸರ್ ಬ್ಯಾಡ ಅಂದವ್ರೆ.”

“ಅದು ಊಟ ಕಣೇ. ಇದು ಪ್ರಸಾದ. ಕಣ್ಣಿಗೊತ್ಕೊಂಡು ಬಾಯಿಗೆ ಹಾಕ್ಕೋ.”

ನನ್ನ ಮನಸ್ಸಿನಲ್ಲಿ ಕಪಟವಿರಲಿಲ್ಲ. ಏಕಾದಶಿಯ ದಿನವೂ ನಾನು ಗುಡಿಯಲ್ಲಿ ಕೊಟ್ಟದ್ದನ್ನು ಬೇಡ ಎಂದವಳಲ್ಲ. ಪ್ರಸಾದ ಊಟದ ಲೆಕ್ಕಕ್ಕೆ ಬರುತ್ತದೆಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. ಮಗಳಿಗೋ ಹಸಿವು. ಅರ್ಧ ಡಬ್ಬಿ ಖಾಲಿ ಮಾಡಿ ಮೇಲೆ ನೀರೂ ಕುಡಿದಳು. ಮೇಷ್ಟ್ರು ಮುಂದಿನ ಸೀಟಿನಲ್ಲಿ ಉಳಿದ ಮಕ್ಕಳ ಜೊತೆ ಕೂತಿದ್ದರು.

ತೂಕದ ಮಿಷನ್ನು ಮೂವತ್ತು ಕೆಜಿ ಇನ್ನೂರು ಗ್ರಾಂ ತೋರಿಸಿತು.

ಮಗಳು ಮಿಷನ್ನಿನ ಮೇಲೆ ನಿಂತೇ ನನ್ನನ್ನು ನೋಡಿದಳು. ತೂಕ ಬರೆದುಕೊಳ್ಳುತ್ತಿದ್ದವರಿಗೆ ಮೇಷ್ಟ್ರ ಪರಿಚಯವಿತ್ತು. “ಇನ್ನೂರು ಗ್ರಾಂ ಏನ್ ಬಿಡ್ರಿ ಮೇಷ್ಟ್ರೆ, ಬಟ್ಟೆ ತೂಕ. ಮೂವತ್ತು ಅಂತ ಬರ್ಕೊಂತೀನಿ,” ಎಂದರು. ನನಗೆ ಹೋದ ಜೀವ ಬಂದ ಹಾಗಾಯಿತು.

“ಬ್ಯಾಡ,” ಎಂದರು ಮೇಷ್ಟ್ರು. “ಹಸ್ಕೊಂಡು ಬಂದಿರೋ ಮಕ್ಳು ಅವೆ ಇಲ್ಲಿ. ಎಷ್ಟೈತೋ ಅಷ್ಟೇ ಬರೀರಿ.”

ಮಗಳು ಮೇಲಿನ ಗುಂಪಿಗೆ ಹೋದಳು. ಎದುರಿಗೆ ಹಿರಿಯೂರಿನ ಒಬ್ಬ ಹುಡುಗಿ. ಇವಳ ತಲೆ ಅವಳ ಹೆಗಲಿಗೆ ಬರುತ್ತಿತ್ತು.

ನಾನು ಮೇಷ್ಟ್ರ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಆಡುವುದೇ ಬೇಡ, ಕರೆದುಕೊಂಡು ಹೋಗುತ್ತೇನೆ ಎಂದೆ. ನಾಲ್ಕು ಜನರ ಮುಂದೆ ಬೈಯುತ್ತಾರೆ, ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ.

ಅವರು ಹುಬ್ಬು ಗಂಟಿಕ್ಕಿಕೊಂಡರು. ನಂತರ ಕೇಳಿದರು, “ಉಳ್ದೈತಾ?”

“ಏನು ಮೇಷ್ಟ್ರೆ?”

“ಹುಗ್ಗಿ.”

ಬಲಗೈಯ ಕೆಳಗೆ ಎಡಗೈ ಇಟ್ಟು, ಗುಡಿಯಲ್ಲಿ ಚಾಚುವ ಹಾಗೆಯೇ ಆ ಕಪ್ಪು ಅಂಗೈ ಚಾಚಿದರು. ಹಾಕಿದೆ. ಕಣ್ಣಿಗೊತ್ತಿಕೊಂಡು ತಿಂದರು. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು, “ಆಂಟಿ, ಸರ್ರೂ ನಮ್ಮಂಗೆ ಏನೂ ತಿನ್ನಲ್ಲ, ನೀರೂ ಕುಡಿಯಲ್ಲ, ಕೊನೇಯೋರ್ದು ತೂಕ ಆಗೋವರ್ಗೂ,” ಎಂದಳು. ಅವರನ್ನು ತೂಕ ಮಾಡುವವರು ಯಾರೂ ಇರಲಿಲ್ಲ. ಆದರೂ ಹಸಿದಿದ್ದರು.

ತಿಂದು ಕೈ ತೊಳೆದು ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತರು. “ಹೆದ್ರಿಕೆ ಐತಾ?”

“ಐತೆ ಸರ್.”

“ಇರ್ಲಿ. ಅವ್ಳ ಮುಖ ನೋಡ್ಬ್ಯಾಡ, ಸೊಂಟ ನೋಡು. ಒದಿಯೋಕೆ ಮುಂಚೆ ಸೊಂಟ ತಿರುಗ್ತೈತೆ. ತಿರುಗಿದ್ ಕೂಡ್ಲೆ ಒಳಕ್ಕೆ ನುಗ್ಗು. ಆಡ್ತೀಯೋ, ಮನೆಗೆ ಹೋಗಾಣೋ?”

“ಆಡ್ತೀನಿ.”

ನಾನು ಕಣ್ಣು ಮುಚ್ಚಿ ಹೊರಕೆರೆದೇವರಪುರದ ರಂಗನಾಥನನ್ನು ನೆನೆಯುತ್ತಾ ಕೂತೆ. ಕಣ್ಣು ಬಿಟ್ಟಾಗ ಆಟ ಮುಗಿದಿತ್ತು. ಐದಕ್ಕೆ ಮೂರು. ಮಗಳು ಸೋತಿದ್ದಳು. ಓಡಿ ಬಂದು, “ಮೂರು ಹೊಡ್ದೆ ಅಮ್ಮಾ, ನೋಡಿದ್ಯಾ?” ಎಂದಳು. ನೋಡಿದೆ ಎಂದೆ. ಸುಳ್ಳು ಹೇಳಿದ್ದಕ್ಕೆ ಆ ಸಂಜೆ ದೇವರ ಮುಂದೆ ತಪ್ಪು ಒಪ್ಪಿಕೊಂಡೆ.

ಮನೆಯಲ್ಲಿ ಮಾತ್ರ ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಸೋಲಿನ ಸುದ್ದಿ ಕೇಳಿ ನಮ್ಮ ಮನೆಯವರು, “ಸರಿ, ಸಾಕಿನ್ನ,” ಎಂದರು. ಮಗಳು ಹುಗ್ಗಿಯ ಸುದ್ದಿ ಎತ್ತಲಿಲ್ಲ. ನನ್ನನ್ನು ಉಳಿಸಲು ಆ ಹತ್ತು ವರ್ಷದ್ದು ಬಾಯಿ ಕಟ್ಟಿಕೊಂಡು ಮೂಲೆಯಲ್ಲಿ ಕೂತಿತ್ತು.

ಮರುದಿನ ಮಧ್ಯಾಹ್ನ ಮೇಷ್ಟ್ರು ಮಂಡಿಯ ಬಟ್ಟೆಯಲ್ಲೇ ನಮ್ಮ ಬಾಗಿಲಿಗೆ ಬಂದರು. ನಮ್ಮ ಮನೆಯವರು ಊಟಕ್ಕೆ ಬಂದಿದ್ದರು. ಇನ್ನು ಸುಮ್ಮನಿದ್ದರೆ ಪಾಪ ಎನಿಸಿ ನಾನೇ ಮೊದಲು ಬಾಯಿಬಿಟ್ಟೆ: “ಅವ್ಳದ್ದೇನೂ ತಪ್ಪಿಲ್ಲ. ನಾನೇ ಹುಗ್ಗಿ ತಿನ್ನಿಸಿ ತೂಕ ಕೆಡಿಸ್ದೆ. ಅದಕ್ಕೇ ದೊಡ್ಡೋಳ ಜೊತೆ ಆಡ್ಬೇಕಾಯ್ತು.”

ನಮ್ಮ ಮನೆಯವರು ನನ್ನನ್ನು ದಿಟ್ಟಿಸಿ ನೋಡಿದರು. ಅಷ್ಟರಲ್ಲಿ ಮೇಷ್ಟ್ರು, “ತಪ್ಪು ನಂದು ಸಾರ್,” ಎಂದರು. “ಊಟ ಬ್ಯಾಡ ಅಂದಿದ್ದೆ, ತಿಂಡಿ ಬ್ಯಾಡ ಅಂದಿದ್ದೆ. ಪ್ರಸಾದ ಬ್ಯಾಡ ಅಂದಿರ್ಲಿಲ್ಲ. ಧನುರ್ಮಾಸ, ನಂಗೆ ಹೊಳೀಬೇಕಿತ್ತು.”

ಒಳಗಿನಿಂದ ಅತ್ತೆ ಬಂದರು. “ಪ್ರಸಾದ ತಿಂದ್ರೆ ಏನಾಯ್ತಂತೆ? ದೇವ್ರು ತೂಕ ಮಾಡ್ತಾನಾ?”

“ದೇವ್ರು ಮಾಡಲ್ಲ ಅಜ್ಜಿ. ಮಿಷನ್ನು ಮಾಡ್ತೈತೆ.”

ನಮ್ಮ ಮನೆಯವರು ನಕ್ಕರು. ಅವರು ನಕ್ಕರೆ ಅರ್ಧ ಕೆಲಸ ಆದ ಹಾಗೆ. ಮೇಷ್ಟ್ರು ಚಪ್ಪಲಿ ಮೆಟ್ಟುತ್ತಾ, “ಆ ಎತ್ತರದೋಳ ಮೇಲೆ ಮೂರು ಪಾಯಿಂಟ್ ತಗಂಡವ್ಳೆ. ಇನ್ನೊಂದ್ಸಲ ನೋಡಾಣ ಸಾರ್,” ಎಂದರು. ಅವರ ಬಾಯಲ್ಲಿ ‘ಇನ್ನೊಂದ್ಸಲ’ ಎಂದರೆ ಏನರ್ಥವೆಂದು ನಮ್ಮ ಮನೆಯವರಿಗೆ ಗೊತ್ತಿರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದ ಮಗಳಿಗೆ ಗೊತ್ತಿತ್ತು. ಆ ಸಂಜೆ ಐದಕ್ಕೆ ಐದು ನಿಮಿಷ ಮುಂಚೆಯೇ ಮಂಡಿಯ ಅಂಗಳದಲ್ಲಿದ್ದಳು.

ಈಗ ಅವಳು ನಲವತ್ತು ಕೆಜಿ ದಾಟಿದ್ದಾಳೆ. ಗೆದ್ದದ್ದೂ ಉಂಟು, ಸೋತದ್ದೂ ಉಂಟು. ಸಂಜೆ ದೀಪ ಹಚ್ಚಿ ಆ ದಿನ ದೇವರು ಕೊಟ್ಟ ಒಳ್ಳೆಯದನ್ನು ಎಣಿಸುವುದು ನನ್ನ ರೂಢಿ: ಹಾಲು ಒಡೆಯಲಿಲ್ಲ, ನಲ್ಲಿಯಲ್ಲಿ ನೀರು ಬಂತು, ಮಗಳು ನಾರು ಮೆತ್ತಿದ ಕಾಲಲ್ಲಿ ಮನೆಗೆ ಬಂದಳು. ಆ ಮೂರನೆಯದು ಮೇಷ್ಟ್ರಿಂದ ಬಂದದ್ದು.

ಪಂದ್ಯದ ದಿನ ಈಗಲೂ ಗುಡಿಗೆ ಹೋಗುತ್ತೇನೆ. ಧನುರ್ಮಾಸವಾದರೆ ಹುಗ್ಗಿ, ಇಲ್ಲದಿದ್ದರೆ ಮೊಸರನ್ನವೋ ಪುಳಿಯೋಗರೆಯೋ. ಡಬ್ಬಿಯನ್ನು ಸೆರಗಿನಡಿ ಇಟ್ಟುಕೊಂಡು ಕೊನೆಯ ಮಗು ಮಿಷನ್ನಿನಿಂದ ಇಳಿಯುವವರೆಗೆ ಕಾಯುತ್ತೇನೆ. ದೂರದಿಂದ ಮೇಷ್ಟ್ರು ತಲೆಯಾಡಿಸಿದ ಮೇಲೆಯೇ ಮುಚ್ಚಳ ತೆಗೆಯುವುದು. ಮಕ್ಕಳೆಲ್ಲ ತಿಂದಾದ ಮೇಲೆ ಆ ಕಪ್ಪು ಅಂಗೈ ಮುಂದೆ ಬರುತ್ತದೆ. ಅದಕ್ಕೆ ಕಡಿಮೆ ಬೀಳಬಾರದೆಂದು ಅರ್ಚಕರಿಗೆ ಬೆಳಗ್ಗೆಯೇ ಹೇಳಿರುತ್ತೇನೆ: “ಇನ್ನೊಂದು ಹಿಡಿ ಹಾಕ್ರಿ ಸ್ವಾಮಿ. ತೂಕಕ್ಕೆ ನಿಲ್ದೇನೇ ಹಸ್ಕೊಂಡಿರೋರು ಒಬ್ರವ್ರೆ.”