ಪಾಸ್ಟರಮ್ಮ ಕಲಿಸಿದ ತೋದಾ

ನೀಲಗಿರಿ ಎಣ್ಣೆಯ ವಾಸನೆ ನಮ್ಮ ಮನೆಯಲ್ಲಿ ಯಾರಿಗೂ ಸೇರುವುದಿಲ್ಲ. ಆದರೂ ಈ ಬೇಸಿಗೆಯಲ್ಲಿ ನನ್ನ ಬಲಗಾಲಿನ ಮೊಣಕಾಲು ಹಟ ಹಿಡಿದು ಕೂತಾಗ, ನಮ್ಮ ಯಜಮಾನರು ಅಂಗಡಿ ಮುಚ್ಚಿ ಬರುತ್ತ ಒಂದು ಸಣ್ಣ ಬಾಟಲಿ ತಂದುಕೊಟ್ಟರು. ಮುಚ್ಚಳ ತೆಗೆದದ್ದೇ ತಡ, ಜಹೀರಾಬಾದಿನ ನಮ್ಮ ಮನೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನಾನು ನಾರಾಯಣಖೇಡದ ಒಂದು ಕೋಣೆಯ ಬಾಡಿಗೆ ಮನೆಯ ಅಂಗಳದಲ್ಲಿ ನಿಂತಿದ್ದೆ. ಮೋಟುಗೋಡೆಯ ಆಚೆ ಪಾಸ್ಟರಮ್ಮ ಕಟ್ಟೆಯ ಮೇಲೆ ಕುಳಿತು, ಎರಡೂ ಮೊಣಕಾಲಿಗೆ ಇದೇ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು...

ಅವರು ಒಬ್ಬ ಪಾಸ್ಟರರ ಹೆಂಡತಿ. ನಾನು ನೋಡುವ ಹೊತ್ತಿಗೆ ಪಾಸ್ಟರರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ರಾಯಿಕೋಡ್ ಸುತ್ತಲಿನ ಹಳ್ಳಿಗಳಲ್ಲಿ ಗಂಡನ ಜೊತೆ ಸೈಕಲ್ ಹಿಂದೆ ಕುಳಿತು ತಿರುಗಿದ ಹೆಂಗಸು ಈಗ ಚರ್ಚಿನ ಹಿಂದಿನ ಮನೆಯಲ್ಲಿ ಒಬ್ಬರೇ ಇದ್ದರು. ಒಬ್ಬನೇ ಮಗ ತಾಂಡೂರಿನ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಪಾಸ್ಟರರು ದೇವಶಾಸ್ತ್ರ ಓದಿದ ಕಾಲೇಜಿನಲ್ಲಿ ಹೀಬ್ರೂ ಭಾಷೆಯನ್ನೂ ಕಲಿಸುತ್ತಿದ್ದರಂತೆ. ಉಳಿದವರ ಹೆಂಡಂದಿರು ಹೊಲಿಗೆ ಕಲಿಯಲು ಹೋದರೆ ಈಕೆ ಗಂಡನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತುಬಿಡುತ್ತಿದ್ದರಂತೆ. ಅಲ್ಲಿ ಕಲಿತ ಶಬ್ದಗಳನ್ನು ಭಾನುವಾರ ಸಂಜೆ ಚರ್ಚಿನ ಹೆಂಗಸರಿಗೆ ಹೇಳಿಕೊಡುತ್ತಿದ್ದರು. ಉಳಿದ ದಿನ ಕೇಳುವವರು ಬೇಕಲ್ಲ, ಗೋಡೆಯ ಈಚೆ ನಾನು ಸಿಕ್ಕಿದ್ದೆ.

ನಾನು ಆಗಷ್ಟೇ ನೌಕರಿ ಸಿಕ್ಕ ಟೀಚರು. ಗಂಡನ ಬೀಜ-ಗೊಬ್ಬರದ ಅಂಗಡಿ ಜಹೀರಾಬಾದಿನಲ್ಲಿ. ಮೂರು ತುಂಬದ ಮಗಳು ಅಲ್ಲೇ ಅತ್ತೆಯವರ ಹತ್ತಿರ. ಮೊದಲು ದಿನಾ ಬಸ್ಸಿನಲ್ಲಿ ಓಡಾಡಿ ನೋಡಿದೆ. ಮೈ ಸೋತು ಮಲಗಿದ ಮೇಲೆ ನಾರಾಯಣಖೇಡದಲ್ಲೇ ಕೋಣೆ ಹಿಡಿದು, ಶನಿವಾರ ಊರಿಗೆ ಹೋಗಿ ಸೋಮವಾರ ಬರತೊಡಗಿದೆ. ಓಣಿಯವರೆಲ್ಲ ನನ್ನನ್ನು ಟೀಚರ್ ಎಂದು ಕರೆಯುತ್ತಿದ್ದರಲ್ಲ, ಮಗಳೂ ಅದನ್ನೇ ಕಲಿತಳು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗೆ ಓಡಿ, "ಆಯೀ, ಟೀಚರ್ ಬಂದಾಳ" ಎಂದು ಅತ್ತೆಗೆ ಸುದ್ದಿ ಕೊಡುತ್ತಿದ್ದಳು. ಎತ್ತಿಕೊಂಡರೆ ಚೀರುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಸೋಮವಾರ ಸಂಜೆ ನನ್ನ ಮುಖ ನೋಡಿದರೆ ಸಾಕು, ಪಾಸ್ಟರಮ್ಮನಿಗೆ ತಿಳಿಯುತ್ತಿತ್ತು. "ಯಾಕ್ರಿ ಟೀಚರಮ್ಮ, ಮಾರಿ ಸಣ್ಣ ಮಾಡ್ಕೊಂಡು ಕುಂತೀರಿ?" ಎಂದು ಗೋಡೆಯ ಮೇಲಿಂದ ಚಹಾದ ಕಪ್ಪು ಚಾಚುತ್ತಿದ್ದರು. ನಾನು ಬಸ್ಸಿನಿಂದ ಹಿಡಿದು ಹೆಡ್‌ಮಾಸ್ತರರ ತನಕ ಎಲ್ಲರ ಜಾತಕ ಬಿಚ್ಚುತ್ತಿದ್ದೆ. ಮುಗಿದ ಮೇಲೆ ಅವರು, "ಇದಕ್ಕ ಹೀಬ್ರೂದಾಗ ಸೀಹ ಅಂತಾರ್ರಿ. ತನ್ನಷ್ಟಕ್ಕ ತಾ ಗೊಣಗೂದು, ಹೊಟ್ಯಾಗಿಂದೆಲ್ಲ ಹೊರಗ ಹಾಕೂದು. ಅದೂ ಪ್ರಾರ್ಥನಾನೇ" ಎನ್ನುತ್ತಿದ್ದರು. ಹೆಡ್‌ಮಾಸ್ತರರನ್ನು ಬೈದದ್ದು ದೇವರ ಲೆಕ್ಕಕ್ಕೆ ಹೋಯಿತೆಂದು ನನಗೆ ಖುಷಿಯಾಗುತ್ತಿತ್ತು.

ಹೀಗೇ ಒಂದೊಂದು ಶಬ್ದ ಬರುತ್ತಿತ್ತು. "ನಿಮ್ಮ ಝರಾಸಂಗಂ ಗುಡ್ಯಾಗ ಹರಕಿ ಹೊತ್ತವರು ದೀಡ ನಮಸ್ಕಾರ ಹಾಕ್ತಾರಲ್ರಿ, ನೆಲಕ್ಕ ಪೂರಾ ಬಿದ್ದು? ಶಾಹಾ ಅಂದ್ರ ಅದೇ ನೋಡ್ರಿ. ನಮ್ಮ ಪುಸ್ತಕದಾಗ ಆರಾಧನೆ ಅಂತ ಬರದಲ್ಲಿ ಭಾಳ ಕಡಿ ಆ ಮಾತೇ ಅದ" ಎಂದು ಒಂದು ದಿನ ಹೇಳಿದ್ದರು. ಇನ್ನೊಂದು ದಿನ ಬಾರಖ್. ಬಾರಖ್ ಎಂದರೆ ಹರಸುವುದು. ಆದರೆ ಅದೇ ಮಾತಿನಲ್ಲಿ ಮೊಣಕಾಲೂ ಇದೆಯಂತೆ. ಅಬ್ರಹಾಮನ ಆಳು ಬಾವಿಯ ಹತ್ತಿರ ಒಂಟೆಗಳನ್ನು ಮೊಣಕಾಲೂರಿಸಿದ ಎನ್ನುವಾಗಲೂ ಆ ಶಬ್ದವೇ ಬರುತ್ತದಂತೆ.

"ಹಂಗಾದ್ರ ಒಂಟಿನೂ ಪ್ರಾರ್ಥನಾ ಮಾಡ್ತಾವೇನ್ರಿ?" ಎಂದೆ.

"ಮಾಡ್ತಾವಲ್ಲ, ನಿಮಕಿಂತ ಚೊಲೊ ಮಾಡ್ತಾವ" ಎಂದು ಎಣ್ಣೆಯ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಿದ್ದರು.

ಅವರಿಗೆ ಎಲ್ಲಕ್ಕಿಂತ ಇಷ್ಟವಾದ ಶಬ್ದ ಪಾಗಾ. ಎದುರಾಗುವುದು, ಅಡ್ಡಗಟ್ಟಿ ಹಿಡಿಯುವುದು ಎಂದು ಅರ್ಥ. ಇನ್ನೊಬ್ಬರ ಸಲುವಾಗಿ ದೇವರನ್ನು ದಾರಿಯಲ್ಲಿ ಹಿಡಿದು ನಿಲ್ಲಿಸುವುದಕ್ಕೂ ಅದೇ ಮಾತು. ನನಗೆ ಕೂಡಲೇ ತಿಳಿಯಿತು. ಇದು ಸಿಫಾರಸು! ಜಹೀರಾಬಾದಿಗೆ ವರ್ಗವಾಗಲೆಂದು ನಾನು ಆಗ ಯಾರ್ಯಾರ ಕಡೆಯಿಂದಲೋ ಸಿಫಾರಸು ಮಾಡಿಸುತ್ತಲೇ ಇದ್ದೆ. ಝರಾಸಂಗಂ ದೇವರಿಗೆ ಹರಕೆ, ದರ್ಗಾಕ್ಕೆ ಚಾದರ, ಲೀಡರರ ಭಾವಮೈದುನನ ಮನೆಗೆ ಎರಡು ಸಲ ಭೇಟಿ. ಯಾವ ಬಾಗಿಲೂ ಬಿಟ್ಟಿರಲಿಲ್ಲ.

ಒಂದು ಸೋಮವಾರ ಮಾತ್ರ ವರ್ಗದ ಚಿಂತೆಯೂ ಬೇಡವಾಗಿತ್ತು. ಹಿಂದಿನ ದಿನ ಮಗಳು ಜ್ವರದಲ್ಲಿ ಮಲಗಿದ್ದಳು. ನಾನು ಹಣೆಗೆ ಒದ್ದೆ ಬಟ್ಟೆ ಇಡಲು ಹೋದರೆ, ಆ ಜ್ವರದಲ್ಲೂ ನನ್ನ ಕೈ ತಳ್ಳಿ ಗೋಡೆ ಕಡೆ ತಿರುಗಿದಳು. ಅದನ್ನು ಹೇಳುತ್ತ ಮೋಟುಗೋಡೆಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಆಮೇಲೆ ನಾಚಿಕೆಯಾಗಿ, ಅಳುವನ್ನು ಚೇಷ್ಟೆಯಲ್ಲಿ ಮುಚ್ಚಲು, "ನಿಮ್ಮ ದೇವರಿಗಿ ಜರಾ ಪಾಗಾ ಮಾಡ್ರೆಮ್ಮಾ, ನನ್ನ ಮಗಳ ಮನಸು ನನ್ನ ಕಡಿ ತಿರಗ್ಲಿ. ಮತ್ತ ಖುರ್ಚಿ ಮ್ಯಾಲೆ ಕುಂತು ಕೇಳಬ್ಯಾಡ್ರಿ, ನಿಮ್ಮ ಒಂಟಿಗತೆ ಮೊಣಕಾಲೂರೇ ಕೇಳ್ರಿ" ಎಂದೆ.

ಪಾಸ್ಟರಮ್ಮ ನಗಲಿಲ್ಲ. "ಊರ್ತೀನ್ರಿ" ಎಂದರು. "ಆದ್ರ ಒಂದು ಮಾತು. ಆದಮ್ಯಾಲೆ ನೀವೇ ಬಂದು ಆತು ಅಂತ ಹೇಳಬೇಕು. ಮಂದಿ ಹೇಳಿದ್ರ ನಾ ಬೇಡೂದು ಬಿಡಂಗಿಲ್ಲ. ಕೇಳಿದವರೇ ಬಂದು ಹೇಳೂದು ತೋದಾ."

ತೋದಾ ಎಂದರೆ ಉಪಕಾರ ನೆನೆಯುವುದು. ಹಿಂದಿನ ಕಾಲದಲ್ಲಿ ಅದು ಬರೀ ಮಾತಾಗಿರಲಿಲ್ಲವಂತೆ. ಬೇಡಿದ್ದು ಆದವರು ಗುಡಿಗೆ ಕಾಣಿಕೆ ತಂದು, ನಾಲ್ಕು ಜನರ ಮುಂದೆ ಆದದ್ದನ್ನು ಹೇಳಿ, ಎಲ್ಲರೂ ಕೂಡಿ ಉಣ್ಣಬೇಕು. ಅವತ್ತಿನದು ಅವತ್ತೇ ಮುಗಿಯಬೇಕು, ಬೆಳಗಿನ ತನಕ ಉಳಿಸುವಂತಿಲ್ಲ. "ಒಬ್ಬರೇ ಉಂಡ್ರ ಮುಗೀತದೇನ್ರಿ ಅಷ್ಟು? ಅದಕ್ಕೇ ಮಂದಿನ್ನ ಕರೀಬೇಕಾಗ್ತಿತ್ತು" ಎಂದು ಅವರು ವಿವರಿಸಿದರು.

ನಾನು ಹೂಂ ಎಂದೆ. ಹೂಂ ಎನ್ನಲು ನನಗೇನು ಖರ್ಚು? ನಿಜ ಹೇಳಬೇಕೆಂದರೆ ಪಾಸ್ಟರಮ್ಮನ ಮನೆಯಲ್ಲಿ ನಾನು ಯಾವತ್ತೂ ಊಟ ಮಾಡಿದವಳಲ್ಲ. ಚಹಾ ಕುಡಿಯುತ್ತಿದ್ದೆ, ಅದೂ ಗೋಡೆಯ ಈಚೆ ನಿಂತು. ರೊಟ್ಟಿ ಕೊಟ್ಟರೆ ಈಗಷ್ಟೇ ಉಂಡೆ ಎನ್ನುತ್ತಿದ್ದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ನಾನು, ಅವರು ಇಂಥ ಕೇರಿಯಿಂದ ಬಂದವರು ಎಂಬ ಲೆಕ್ಕ ನನ್ನೊಳಗೆ ಇತ್ತು. ಅದು ಅವರಿಗೂ ಗೊತ್ತಿತ್ತು. ಒಂದು ದಿನವೂ ಎರಡನೆಯ ಸಲ ಒತ್ತಾಯ ಮಾಡಲಿಲ್ಲ. ಅದನ್ನು ನೆನೆದರೆ ಈಗ ತಲೆ ತಗ್ಗುತ್ತದೆ.

ಮುಂದಿನ ವರ್ಷ ವರ್ಗವಾಯಿತು. ನಾನು ಸಾಮಾನು ಕಟ್ಟುವಾಗ ಪಾಸ್ಟರಮ್ಮ ತಾಂಡೂರಿನಲ್ಲಿ ಮಗನ ಮನೆಯಲ್ಲಿದ್ದರು. ಸ್ವಲ್ಪ ದಿನಕ್ಕೆ ಅವರೂ ನಾರಾಯಣಖೇಡದ ಮನೆ ಖಾಲಿ ಮಾಡಿ ಅಲ್ಲಿಗೇ ಹೋದರೆಂದು ಕೇಳಿದೆ. ಜಹೀರಾಬಾದಿಗೆ ಬಂದು ಇನ್ನೂ ದೀಪಾವಳಿ ಆಗಿರಲಿಲ್ಲ. ಓಣಿಯಲ್ಲಿ ಆಡುತ್ತಿದ್ದ ಮಗಳು ಬಿದ್ದು ಮಂಡಿ ತರಚಿಕೊಂಡಳು. ಅತ್ತೆ ಬಾಗಿಲಲ್ಲೇ ಇದ್ದರು, ಎರಡೂ ಕೈ ಚಾಚಿದರು. ಹುಡುಗಿ ಅವರನ್ನು ದಾಟಿ ಅಡಿಗೆಮನೆಯ ತನಕ ಓಡಿ ಬಂದು, "ಅವ್ವಾ" ಎಂದು ನನ್ನ ಕಾಲು ಹಿಡಿದುಕೊಂಡಳು. ಹಿಟ್ಟಿನ ಕೈಯಲ್ಲೇ ಎತ್ತಿಕೊಂಡೆ. ಅವತ್ತಿನಿಂದ ಅವಳು ನನ್ನವಳಾದಳು. ಅತ್ತೆ ಮಾತ್ರ ಆ ರಾತ್ರಿ ಹಸಿವಿಲ್ಲ ಎಂದು ಬೇಗ ಮಲಗಿದರು.

ಮರುದಿನವೇ ಪಾಸ್ಟರಮ್ಮ ನೆನಪಾದರು. ಮರೆತುಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಆದರೆ ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದೆ. ಆತು ಎಂದರೆ ಅವರ ದೇವರು ಮಾಡಿದ ಎಂದು ಒಪ್ಪಿದ ಹಾಗಲ್ಲವೆ? ಚರ್ಚಿಗೆ ಕರೆದರೆ? ನಾಲ್ಕು ಜನರ ಮುಂದೆ ನಿಂತು ಹೇಳು ಎಂದರೆ? ಅತ್ತೆಯವರ ಕಿವಿಗೆ ಬಿದ್ದರೆ, "ನನ್ನ ಕೈಯಾಗಿನ ಕೂಸು ಕಸೀಲಾಕ ಮಂದಿ ಕಡಿಂದ ಬೇಡಿಸ್ದೇನವಾ?" ಎನ್ನದೆ ಬಿಡುತ್ತಾರೆಯೆ? ಒಂದು ಸಲ ಪಾಸ್ಟರಮ್ಮನೇ ಫೋನ್ ಮಾಡಿದ್ದರು. "ಹುಡುಗಿ ಬಂದಳೇನ್ರಿ ನಿಮ್ಮ ಹತ್ತರ?" ಎಂದರು. ಅತ್ತೆ ಪಕ್ಕದಲ್ಲೇ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. "ಆಮ್ಯಾಲೆ ಮಾಡ್ತೀನ್ರಿ" ಎಂದು ಇಟ್ಟುಬಿಟ್ಟೆ. ಮಾಡಲಿಲ್ಲ. ಅವರು ಮತ್ತೆ ಕೇಳಲಿಲ್ಲ. ವರ್ಷಗಳು ಹೋದವು, ಅತ್ತೆಯವರೂ ಹೋದರು, ಮಗಳು ಡಿಗ್ರಿಗೆ ಬಂದಳು. ಹೇಳಬಾರದು ಎನ್ನಲು ಯಾವ ಕಾರಣವೂ ಉಳಿಯದಿದ್ದಾಗಲೂ ನಾನು ಹೇಳಲಿಲ್ಲ. ಅಷ್ಟು ತಡವಾದ ಮೇಲೆ ಹೇಳುವುದಕ್ಕೇ ನಾಚಿಕೆ...

ಆ ಎಣ್ಣೆಯ ಬಾಟಲಿ ಬಂದ ರಾತ್ರಿ ತಡೆಯಲಾಗಲಿಲ್ಲ. ಹಳೆಯ ನಂಬರಿಗೆ ಫೋನ್ ಮಾಡಿದೆ, ಅದು ಚಾಲ್ತಿಯಲ್ಲಿರಲಿಲ್ಲ. ಆ ವಾರವೇ ತಾಂಡೂರಿನ ಬಸ್ಸು ಹತ್ತಿದೆ. ಹೋಗುತ್ತೇನೆ, ಕಾಲಿಗೆ ಬಿದ್ದು ಆತು ಎನ್ನುತ್ತೇನೆ, ಅವರ ಕೈಯ ರೊಟ್ಟಿ ಬೇಡಿ ಉಣ್ಣುತ್ತೇನೆ ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಕಲ್ಲಿನ ಪುಡಿಯಿಂದ ಬೆಳ್ಳಗಾದ ಓಣಿಗಳಲ್ಲಿ ಕೇಳುತ್ತ ಹೋಗಿ, ಚರ್ಚಿನ ವಾಚ್‌ಮನ್ ತೋರಿಸಿದ ಮನೆಯ ಬಾಗಿಲು ತಟ್ಟಿದೆ. ತೆರೆದವಳು ಅವರ ಸೊಸೆ. ಅವಳ ಹಿಂದೆ ಗೋಡೆಯ ಮೇಲೆ ಪಾಸ್ಟರಮ್ಮನ ಫೋಟೋ ಇತ್ತು, ಹಾರ ಹಾಕಿತ್ತು.

ಹೆಸರು ಹೇಳುವ ಮೊದಲೇ, ನಾರಾಯಣಖೇಡ ಎಂದದ್ದಕ್ಕೆ ಅವಳು ನನ್ನ ಕೈ ಹಿಡಿದಳು. "ಮಗಳಿರೋ ಟೀಚರಮ್ಮ ಏನ್ರಿ? ಬರ್ರಿ, ಒಳಗ ಬರ್ರಿ. ಅತ್ತಿ ಹೋಗಿ ಎರಡು ವರ್ಷ ಆತ್ರಿ."

ಅವಳೇ ಎಲ್ಲ ಹೇಳಿದಳು. ಕೊನೆಕೊನೆಗೆ ಪಾಸ್ಟರಮ್ಮನಿಗೆ ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಡಾಕ್ಟರು ಬೇಡವೆಂದಿದ್ದರು. "ಉಳಿದವರ ಸಲುವಾಗಿ ಖುರ್ಚಿ ಮ್ಯಾಲೆ ಕುಂತೇ ಬೇಡ್ತಿದ್ರು ಅಕ್ಕಾ. ನಿಮ್ಮ ಮಗಳದು ಬಂದ್ರ ಮಾತ್ರ ಕೆಳಗ ಇಳೀತಿದ್ರು. ಟೀಚರಮ್ಮಗ ಮಾತು ಕೊಟ್ಟೀನಿ ಅಂತಿದ್ರು. ಮತ್ತ ಎಬ್ಬಸಾಕ ನಾನೂ ನನ್ನ ಮಗನೂ ಇಬ್ಬರು ಬೇಕಾಗ್ತಿತ್ತು." ಮೊಣಕಾಲೂರೇ ಕೇಳ್ರಿ ಎಂದು ನಾನು ಚೇಷ್ಟೆಗೆ ಆಡಿದ ಮಾತು ಅದು.

"ಈಗ ನಾ ಮಾಡ್ತೀನ್ರಿ" ಎಂದಳು. "ಹೋಗೂ ಮುಂದ ನನಗ ಹೇಳಿ ಹೋಗ್ಯಾರ. ಅವರು ಬಂದು ಹೇಳತನಕ ಬಿಡಬ್ಯಾಡ ಅಂತ. ದಿನಾ ಮುಂಜಾನೆ ಊರ್ತೀನಿ." ಅಷ್ಟು ಹೇಳಿ, ಕೇಳಲೋ ಬೇಡವೋ ಎನ್ನುವ ಹಾಗೆ ನನ್ನ ಮುಖ ನೋಡಿದಳು. "ಬರ್ತಾಳೇನ್ರಿ ಈಗ ನಿಮ್ಮ ಹತ್ತರ?"

"ಬರ್ತಾಳವ್ವಾ. ಆತು" ಎಂದೆ. ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡ ಮಾತು, ಹೇಳಿದರೆ ಅಷ್ಟೇ ಆಗಿತ್ತು.

ಅವಳ ಕಣ್ಣಲ್ಲಿ ನೀರು ಬಂತು. ಎದ್ದು ಒಲೆ ಹಚ್ಚಿ ರವೆ ಹುರಿದು ಸಿರಾ ಮಾಡಿದಳು. ಆಚೀಚೆ ಮನೆಯ ಹೆಂಗಸರನ್ನೂ ಮಕ್ಕಳನ್ನೂ ಕರೆದು, "ನಮ್ಮ ಅತ್ತಿ ಬೇಡ್ತಿದ್ರಲ್ಲ, ಅದು ಆಗ್ಯಾದ" ಎಂದು ಎಲ್ಲರ ತಾಟಿಗೂ ಬಡಿಸಿದಳು. ಯಾರೂ ನನ್ನನ್ನು ಏನನ್ನೂ ಒಪ್ಪಿಕೊಳ್ಳಲು ಹೇಳಲಿಲ್ಲ. ಚರ್ಚಿಗೆ ಬನ್ನಿ ಎನ್ನಲಿಲ್ಲ. ಒಬ್ಬ ಮುದುಕಿ ನನ್ನ ಬೆನ್ನು ಸವರಿದಳು, ಅಷ್ಟೇ. ನಾನು ಹೆದರಿಕೊಂಡು ಇಡೀ ಬದುಕು ತಪ್ಪಿಸಿಕೊಂಡದ್ದು ಇದನ್ನೇ.

"ಯಾವಾಗಿಂದ ಬರ್ತಾಳ್ರಿ?" ಎಂದು ಸೊಸೆ ಪಕ್ಕದಲ್ಲಿ ಕುಳಿತು ಕೇಳಿದಳು.

ನಿಜ ನಾಲಿಗೆಯ ತುದಿಯ ತನಕ ಬಂತು. ನೆಲದ ಮೇಲೆ ಊರಿ ಊರಿ ಸವೆದ ಆ ಮೊಣಕಾಲುಗಳು, ಎಬ್ಬಿಸಿದ ಮೊಮ್ಮಗ, ಇವತ್ತಿನ ಮುಂಜಾನೆಯ ತನಕ ಊರಿದ ಈ ಹೆಣ್ಣುಮಗಳು... ಇವರೆಲ್ಲ ಆಗಿಹೋದದ್ದನ್ನು ಬೇಡುತ್ತಿದ್ದರು ಎಂದು ಯಾವ ಬಾಯಿಂದ ಹೇಳಲಿ? "ಹೋದ ವರ್ಷದಿಂದ" ಎಂದುಬಿಟ್ಟೆ.

ಅವಳು ಫೋಟೋದ ಕಡೆ ತಿರುಗಿದಳು. "ಇನ್ನೊಂದು ವರ್ಷ ಇದ್ದಿದ್ರ ಅತ್ತಿ ತಾವೇ ಕೇಳಿ ಹೋಗ್ತಿದ್ರು ನೋಡ್ರಿ" ಎಂದು, ನನ್ನ ತಾಟಿಗೆ ಇನ್ನೊಂದು ಚಮಚ ಹಾಕಿದಳು. ಅದನ್ನೂ ತಿಂದೆ.

ಬಂದು ಹದಿನೈದು ದಿನವಾಯಿತು. ನಿಜ ಹೇಳಲು ಮತ್ತೆ ತಾಂಡೂರಿಗೆ ಹೋಗಬೇಕೆಂದು ದಿನಾ ಅಂದುಕೊಳ್ಳುತ್ತೇನೆ, ದಿನಾ ಬಿಡುತ್ತೇನೆ. ಆ ಮನೆಯಲ್ಲಿ ಈಗ ಮುಂಜಾನೆ ನಮ್ಮ ಸಲುವಾಗಿ ಯಾರೂ ಮೊಣಕಾಲೂರುವುದಿಲ್ಲ. ಮಗಳು ನಿನ್ನೆ ಹಾಸ್ಟೆಲಿನಿಂದ ಬಂದಿದ್ದಾಳೆ. ಇದನ್ನು ಬರೆಯುವಾಗ ನನ್ನ ಪಕ್ಕದಲ್ಲೇ ಮಲಗಿ, ಒಂದು ಕೈ ನನ್ನ ಮೇಲೆ ಹಾಕಿ ನಿದ್ದೆ ಮಾಡುತ್ತಿದ್ದಾಳೆ. ಅವಳು ನನ್ನ ಹತ್ತಿರ ಬರಲೇ ಇಲ್ಲ ಎಂದುಕೊಂಡೇ ಪಾಸ್ಟರಮ್ಮ ಕಣ್ಣು ಮುಚ್ಚಿದರು.