ಒಂದೇ ಮನೆಯ ಎರಡು ಹೊಗೆ

ರಾತ್ರಿಯೆಲ್ಲ ಸುರಿದ ಹಿಮ ಈಗಷ್ಟೇ ನಿಂತಿದೆ. ಗಾಳಿಯ ಸುಳಿವಿಲ್ಲ. ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗಿನ ಚಳಿಯಲ್ಲಿ ನೋವಾ ವಾರೊಶ್ ಪಟ್ಟಣದ ಮನೆಮನೆಯ ಹೊಗೆ ಅತ್ತಿತ್ತ ಬಾಗದೆ, ಮೇಲಿಂದ ದಾರ ಕಟ್ಟಿ ಎಳೆದ ಹಾಗೆ ನೆಟ್ಟಗೆ ಏಳುತ್ತಿದೆ. ಅರವತ್ತೊಂದರ ಮಿಲಿಸಾವ್ ಗುಜೋವಿಚ್ ಹೆಗಲಿಗೆ ಚರ್ಮದ ಚೀಲ ಹಾಕಿಕೊಂಡು ಮೇಲಿನ ಕೇರಿಗೆ ಹತ್ತುತ್ತಿದ್ದಾರೆ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ. ದಣಿವಾರಿಸಿಕೊಳ್ಳುವುದಕ್ಕಲ್ಲ, ಹೊಗೆ ನೋಡಿ ಜೊತೆಗೆ ಬಂದವರಿಗೆ ತೋರಿಸುವುದಕ್ಕೆ.

"ಅಗೋ, ಆ ಬಿಳೀ ಹೊಗೆ ಹಸಿ ಕಟ್ಟಿಗೇದು. ಎಷ್ಟು ಹೇಳಿದ್ರೂ ಅವನು ಒಣಗಿಸಲ್ಲ. ಈ ಕಡೇದು ನೋಡಿ, ತೆಳ್ಳಗೆ, ನೀಲಿಯಾಗಿ. ಅವರ ಮನೆ ಮಕ್ಕಳು ಹೊದಿಕೆ ಒದ್ದು ಮಲಗಿರ್ತವೆ."

ಮನೆಗಳ ನೆಲಮಾಳಿಗೆಯ ಬಾಯ್ಲರ್, ಅಲ್ಲಿಂದ ಕೋಣೆಕೋಣೆಗೆ ಬಿಸಿನೀರು ಒಯ್ಯುವ ಕೊಳವೆ, ಗೋಡೆಬದಿಯ ರೇಡಿಯೇಟರ್ ಇವುಗಳ ಆರೈಕೆ ಮಿಲಿಸಾವ್ ಅವರ ಕಸುಬು. ಹಿಂದೆ ನೂಲಿನ ಕಾರ್ಖಾನೆಯೊಂದರ ಬಾಯ್ಲರ್‌ಮನೆಯಲ್ಲಿ ಬೆಂಕಿ ಕಾಯುತ್ತಿದ್ದರು. ಎಡಗೈಯ ಎರಡು ಬೆರಳ ತುದಿ ಅಲ್ಲೇ ಹಬೆಗೆ ಬೆಂದುಹೋದವು. ಕಾರ್ಖಾನೆ ಬಾಗಿಲು ಹಾಕಿದಾಗ ಕೈಯಲ್ಲಿ ಉಳಿದದ್ದು ಒಂದು ಸ್ಪ್ಯಾನರ್ ಮತ್ತು ಮಿಕ್ಕ ಎಂಟು ಬೆರಳು. ಚಳಿಗಾಲದಲ್ಲಿ ದಿನಕ್ಕೆ ಆರೇಳು ಮನೆ, ಭಾನುವಾರ ಪೂಜೆ ಮುಗಿದ ಮೇಲೆ ಎರಡು. ಈ ಬೆಟ್ಟದ ಊರಿನಲ್ಲಿ ಅಷ್ಟು ಮನೆಗೆ ಸುಮಾರು ಒಂಬೈನೂರು ಮೆಟ್ಟಿಲು ಎಂದು ಅವರ ಮೊಣಕಾಲು ಲೆಕ್ಕ ಹೇಳುತ್ತದೆ.

ಸೊಂಟದ ಬಳೆಯಲ್ಲಿ ನಲವತ್ತೊಂದು ಕೀಲಿಕೈಗಳಿವೆ. ಎಲ್ಲವೂ ಊರವರ ನೆಲಮಾಳಿಗೆಯವು. ಮನೆಯಲ್ಲಿ ಯಾರೂ ಇಲ್ಲದಾಗಲೂ ಮೇಸ್ತ್ರಿ ಇಳಿದು ಬೆಂಕಿ ನೋಡಿ ಬರಲಿ ಎಂದು ಅವರವರೇ ಕೊಟ್ಟದ್ದು. ಆ ಬಳೆಯಲ್ಲಿ ಒಂದು ಕೆಂಪು ಉಣ್ಣೆಯ ದಾರ ಮಾತ್ರ ಬರಿದಾಗಿ ನೇತಾಡುತ್ತಿದೆ. ಅದರಲ್ಲಿದ್ದ ಕೀಲಿಕೈಯ ಮನೆಗೇ ಅವರೀಗ ಹೊರಟಿರುವುದು.

ಅದು ಎಪ್ಪತ್ತನಾಲ್ಕರ ವುಕೊಸಾವಾ ಅವರ ಮನೆ. ಅಲ್ಲಿಯ ಬೆಂಕಿಯನ್ನು ಮಿಲಿಸಾವ್ ಇಪ್ಪತ್ತೆರಡು ವರ್ಷ ನೋಡಿಕೊಂಡರು. ಈ ಸೆಪ್ಟೆಂಬರಿನಲ್ಲಿ ಮಗ ರಾದಿಶಾ ದೂರದ ಪಟ್ಟಣದ ಕಂಪನಿಯಿಂದ ಹೊಸ ಬಾಯ್ಲರ್ ಹಾಕಿಸಿದ. ಮರದ ಪುಡಿಯ ಗುಳಿಗೆಗಳನ್ನು ತಾನೇ ಸುರಿದುಕೊಂಡು, ತಾನೇ ಹೊತ್ತಿ, ತಾನೇ ಆರುವ ಬಾಯ್ಲರ್. "ಇನ್ಮೇಲೆ ನಿಮಗೆ ತೊಂದರೆ ಇಲ್ಲ ಮಿಲಿಸಾವ್ ಮಾಮ, ಎಲ್ಲ ಅದೇ ನೋಡ್ಕೊಳ್ಳತ್ತೆ" ಎಂದು ಕೀಲಿಕೈ ವಾಪಸ್ಸು ಕೇಳಿದ. ಮಿಲಿಸಾವ್ ಬಿಚ್ಚಿ ಕೊಟ್ಟರು. ದಾರ ಕೊಡಲಿಲ್ಲ. ಅದನ್ನು ಕಟ್ಟಿದವರು ವುಕೊಸಾವಾ.

ಮೂರು ವಾರದಿಂದ ಆ ಮನೆ ತಣ್ಣಗಿದೆ. ಕಂಪನಿಯವರು ಎರಡು ಸಲ ಬಂದರು, ಏನೋ ಬಿಡಿಭಾಗ ಬದಲಿಸಿದರು, ಕೊನೆಗೆ ಹಳೆಯ ಕೊಳವೆಗಳನ್ನೆಲ್ಲ ಕಿತ್ತುಹಾಕಬೇಕು ಎಂದರು. ವುಕೊಸಾವಾರ ಗಂಡ, ದಿವಂಗತ ಒಬ್ರಾದ್, ತಮ್ಮ ಕೈಯಾರೆ ಕೂಡಿಸಿದ ಕೊಳವೆಗಳು ಅವು. ನಾಳೆ ಮನೆತನವನ್ನು ಕಾಯುವ ಸಂತನ ಹಬ್ಬ, ಸಂತ ನಿಕೊಲಾನ ದಿನ. ಸಂತನ ಪಟ, ಅಂದರೆ ಐಕಾನ್ ಇರುವ ಮುಂದಿನ ಕೋಣೆಯಲ್ಲಿ ಹದಿಮೂರು ಡಿಗ್ರಿ. ಆ ಚಳಿಯಲ್ಲಿ ಪಾದ್ರಿಗಳನ್ನು ನಿಲ್ಲಿಸಿ, ಬಂದವರನ್ನು ಕೋಟಿನಲ್ಲೇ ಊಟಕ್ಕೆ ಕೂರಿಸುವುದು ಆ ಮುದುಕಿಗೆ ಸಾವಿಗಿಂತ ಹೆಚ್ಚು. ಮಗನಿಗೆ ಹೇಳದೆ ನಿನ್ನೆ ಅವರೇ ಫೋನ್ ಮಾಡಿದರು.

ಬೆಳಗಿನ ಏಳೂಕಾಲಿಗೆ ಮಿಲಿಸಾವ್ ನೆಲಮಾಳಿಗೆಯ ಬಾಗಿಲಲ್ಲಿ ಶಿಲುಬೆಯ ಗುರುತು ಮಾಡಿಕೊಂಡು ಇಳಿಯುತ್ತಾರೆ. ಚೀಲ ಬಿಚ್ಚುವುದಿಲ್ಲ. ಅಂಗೈಯನ್ನು ಕೊಳವೆಯ ಮೇಲಿಡುತ್ತಾರೆ, ಹಸುವಿನ ಮೈ ಮುಟ್ಟುವ ಹಾಗೆ. ಬಿಸಿಯಿದೆ. ಬಾಯ್ಲರ್ ಚೆನ್ನಾಗಿಯೇ ಉರಿಯುತ್ತಿದೆ. ಮುಂದಿನ ಕೋಣೆಯ ರೇಡಿಯೇಟರ್ ಕೆಳಗೆ ಬಿಸಿ, ಮೇಲೆ ತಣ್ಣಗೆ. ಮೂಲೆಯ ತಿರುಪು ಸಡಿಲಿಸಿದಾಗ ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಬುಸ್ಸೆಂದು ಹೊರಬಂದು, ಹಿಂದೆಯೇ ನೀರು ಚಿಮ್ಮುತ್ತದೆ.

"ಇದು ನೆಗಡಿ. ಜ್ವರ ಬೇರೆ ಕಡೆ ಇದೆ" ಎಂದು ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ.

"ಏನು ಮೇಸ್ತ್ರಿ, ಕಾಫಿ ಕುಡಿಯಕ್ಕೆ ಬಂದ್ಯೋ, ಮನೆ ಬಿಸಿ ಮಾಡಕ್ಕೆ ಬಂದ್ಯೋ?" ವುಕೊಸಾವಾ ಕಟ್ಟಿಗೆ ಒಲೆಗೆ ಸೌದೆ ತುಂಬುತ್ತ ಕೇಳುತ್ತಾರೆ.

"ಎರಡಕ್ಕೂ ಅಕ್ಕಾ. ಮೊದಲು ಕಾಫಿ."

"ಆ ಕಂಪನಿ ಹುಡುಗರು ಬಂದ ತಕ್ಷಣ ಲ್ಯಾಪ್‌ಟಾಪ್ ತೆಗೆದ್ರು. ನೀನು ಟೋಪಿನೂ ತೆಗೆದಿಲ್ಲ."

"ಟೋಪಿ ತೆಗೆಯೋ ಅಷ್ಟು ಬಿಸಿ ನಿಮ್ಮನೇಲಿ ಎಲ್ಲಿದೆ? ನಾನಿಲ್ಲ ಅಂದ್ಕೊಂಡು ನಿಮ್ಮ ಕೆಲಸ ಮಾಡಿ."

ಅವರ ಕೆಲಸದ ರೀತಿಯೇ ಅದು. ಮನೆ ಏಳುವ ಹೊತ್ತಿಗೆ ಬಂದು ಸುಮ್ಮನೆ ಕೂರುವುದು. "ಮಧ್ಯಾಹ್ನ ಬಂದ್ರೆ ಯಂತ್ರ ಮಾತ್ರ ಕಾಣತ್ತೆ. ಬೆಳಿಗ್ಗೆ ಬಂದ್ರೆ ಮನೆಯವರು ಕಾಣ್ತಾರೆ" ಎನ್ನುತ್ತಾರೆ.

ಒಲೆ ಹೊತ್ತಿಕೊಳ್ಳುತ್ತದೆ. ಹಬ್ಬಕ್ಕೆ ಹುರುಳಿಕಾಯಿಯ ಬಿಳೀ ಬೀಜ ಈರುಳ್ಳಿಯೊಂದಿಗೆ ಒಲೆಯ ಗೂಡಿನಲ್ಲಿ ಬೇಯಬೇಕು, ಹಬ್ಬದ ರೊಟ್ಟಿ ಉಬ್ಬಬೇಕು, ಗೋಧಿ ಕುದಿಯಬೇಕು. ಚಳಿ ಬಿದ್ದಾಗಿನಿಂದ ದಿನವೂ ಉರಿಯುವ ಆ ಒಲೆ ಮೂರು ದಿನದಿಂದ ಹಗಲು ಆರಿಯೇ ಇಲ್ಲ. ಅರ್ಧ ಗಂಟೆ ಕಳೆಯುತ್ತದೆ. ಮಿಲಿಸಾವ್ ಕಾಫಿಯ ಗಸಿ ನೋಡುತ್ತ ಕೂತಿದ್ದಾರೆ. ನೆಲದ ಕೆಳಗಿನ ಗುಂಯ್‌ಗುಡುವ ಸದ್ದು ನಿಲ್ಲುತ್ತದೆ. ಬಾಯ್ಲರ್ ಆರಿತು.

ಅವರು ನಗುತ್ತಾರೆ. ತಮ್ಮ ಕಿಟಕಿಯಿಂದ ಮೂರು ವಾರ ನೋಡಿದ್ದು ಇದನ್ನೇ. ಈ ಮನೆಗೆ ಎರಡು ಚಿಮಣಿ, ಆದರೆ ಒಂದು ಹೊಗೆಯಾಡಿದರೆ ಇನ್ನೊಂದು ಆಡುವುದಿಲ್ಲ. ಕರೆಯದ ಮನೆಗೆ ಬುದ್ಧಿ ಹೇಳಲು ಹೋಗುವುದು ಅವರ ಜಾಯಮಾನವಲ್ಲ.

ಅಷ್ಟರಲ್ಲಿ ಮನೆಯೊಳಗೇ ಕೋಟು ತೊಟ್ಟುಕೊಂಡು ರಾದಿಶಾ ಬರುತ್ತಾನೆ. ಮೇಸ್ತ್ರಿಯನ್ನು ಕಂಡು ಅವನ ಕಿವಿ ಕೆಂಪಾಗುತ್ತದೆ. ಮಿಲಿಸಾವ್ ಒಲೆಯಿಂದ ಎರಡು ಮಾರು ದೂರದ ಗೋಡೆಯಲ್ಲಿರುವ ಅಂಗೈಯಗಲದ ಬಿಳಿ ಪೆಟ್ಟಿಗೆ ತೋರಿಸುತ್ತಾರೆ. ಅದು ಥರ್ಮೋಸ್ಟಾಟ್. ತಾನಿರುವ ಜಾಗ ಬೆಚ್ಚಗಾಯಿತೆಂದರೆ ಸಾಕು, ಇನ್ನು ಉರಿಯಬೇಡ ಎಂದು ಬಾಯ್ಲರಿಗೆ ಹೇಳುತ್ತದೆ.

"ಇದನ್ನ ಇಲ್ಲಿ ಹಾಕಿ ಅಂದಿದ್ದು ಯಾರಪ್ಪಾ?"

"ನಾನೇ. ಎಲ್ಲರೂ ಇರೋದು ಅಡುಗೆಮನೇಲೇ ಅಲ್ವಾ ಮಾಮ."

"ಅಮ್ಮ ಒಲೆ ಹಚ್ತಾರೆ. ಈ ಪೆಟ್ಟಿಗೆಗೆ ಬೆವರು ಬರತ್ತೆ. ಇಡೀ ಮನೆ ಬೆಚ್ಚಗಿದೆ ಅಂದ್ಕೊಂಡು ಬಾಯ್ಲರ್ ಮಲಗಿಸತ್ತೆ. ಹಬ್ಬಕ್ಕೆ ಅಡುಗೆ ಜಾಸ್ತಿಯಾದಷ್ಟೂ ನಿಮ್ಮ ಕೋಣೆಗಳು ತಣ್ಣಗೆ. ಒಲೆ ಇದೆ ಅಂತ ಕಂಪನಿಯವರು ನೋಡ್ಲಿಲ್ವಾ?"

ರಾದಿಶಾ ನೆಲ ನೋಡುತ್ತಾನೆ. "ಒಲೆ ತೆಗೆಸ್ತೀವಿ ಅಂದಿದ್ದೆ ಅವರಿಗೆ."

ವುಕೊಸಾವಾ ಸೌಟು ಹಿಡಿದೇ ತಿರುಗುತ್ತಾರೆ. "ಏನಂದೆ? ಯಾವ ಒಲೆ?"

"ಹಬ್ಬ ಆದ್ಮೇಲೆ ಹೇಳೋಣಾಂತ ಇದ್ದೆ ಅಮ್ಮ..."

"ಇದು ಹೊರಗೆ ಹೋದ ದಿನ ನಾನೂ ಹೋಗ್ತೀನಿ. ಎರಡನ್ನೂ ಹೊರೋಕೆ ಆಳು ಹುಡುಕಿಟ್ಕೋ! ಅಪ್ಪನ ಕೊಳವೆ ಕೀಳಕ್ಕೆ ಹೊರಟಿದ್ಯಲ್ಲೋ, ಒಂದು ಬಿಳೀ ಡಬ್ಬಿ ಮಾತು ಕಟ್ಕೊಂಡು!"

"ಬಿಡಿ ಅಕ್ಕಾ, ಬೀಜ ಸೀದೀತು" ಎಂದು ಮಿಲಿಸಾವ್ ಈಗ ಚೀಲ ಬಿಚ್ಚುತ್ತಾರೆ. ಒಲೆಗೆ ದೂರದ ಗೋಡೆಯಲ್ಲಿ ಒಂದು ತೂತು, ನಾಲ್ಕು ಮೀಟರ್ ತಂತಿ. ಪೆಟ್ಟಿಗೆ ನಡುಮನೆಗೆ ಹೋಗಿ, ಬಿಸಿಲೂ ಒಲೆಯೂ ಮುಟ್ಟದ ಜಾಗದಲ್ಲಿ ಎದೆಯೆತ್ತರಕ್ಕೆ ಕೂರುತ್ತದೆ. ಸ್ವಲ್ಪ ಹೊತ್ತಿಗೆ ನೆಲದ ಕೆಳಗೆ ಮತ್ತೆ ಸದ್ದು. ಹೊರಗೆ ಹಿಮದ ಮೇಲೆ ಎರಡು ಹೊಗೆ ಜೊತೆಜೊತೆಯಾಗಿ ಏಳುತ್ತವೆ. ಟಾರ್ಚು ಹಿಡಿದು ನಿಂತಿದ್ದ ರಾದಿಶಾ ದುಡ್ಡು ತೆಗೆಯಲು ಹೋದರೆ, "ಹಬ್ಬ ಎದುರಿಗಿಟ್ಕೊಂಡು ಬೇಡ" ಎಂದುಬಿಡುತ್ತಾರೆ.

ಕೇರಿ ಇಳಿಯುವಾಗ, ನಿಮಗೇನಾದರೂ ಆಸೆ ಉಂಟೇ ಎಂದು ಜೊತೆಗೆ ಬಂದವರು ಕೇಳಿದರೆ ಮಿಲಿಸಾವ್ ಊರಿನ ಹೊಗೆಗಳತ್ತ ಕೈ ತೋರಿಸುತ್ತಾರೆ. "ಒಂದು ಚಳಿಗಾಲ ಯಾರೂ ನನ್ನ ನೆನೆಸ್ಕೋಬಾರದು. ಫೋನ್ ಬರಬಾರದು. ಎಲ್ಲರ ಮನೆಯೂ ಬೆಚ್ಚಗಿದೆ ಅಂತ ಅರ್ಥ. ದೇವರು ಅಷ್ಟು ಕೊಟ್ರೆ ಸಾಕು." ಆಮೇಲೆ ತಾವೇ ನಗುತ್ತಾರೆ. "ಕೊಟ್ಟುಬಿಟ್ರೆ ಊಟಕ್ಕೇನು ಮಾಡೋದೋ!"

ಮರುದಿನ ಹಬ್ಬ. ಈ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ. ನೆನಪಿದ್ದವರು ಬರುತ್ತಾರೆ. ಪಾದ್ರಿಗಳು ರೊಟ್ಟಿಗೆ ದ್ರಾಕ್ಷಾರಸ ಎರೆದು ಹೋಗಿದ್ದಾರೆ. ಐಕಾನಿನ ಮುಂದೆ ದಪ್ಪ ಮೇಣದ ಬತ್ತಿ ಉರಿಯುತ್ತಿದೆ. ನೆಂಟರ ಕೋಟುಗಳೆಲ್ಲ ಮಂಚದ ಮೇಲೆ ರಾಶಿಬಿದ್ದಿವೆ. ವುಕೊಸಾವಾ ಆ ರಾಶಿಯನ್ನೇ ಮತ್ತೆಮತ್ತೆ ನೋಡುತ್ತಾರೆ. ಎಲ್ಲರಿಗಿಂತ ತಡವಾಗಿ ಮಿಲಿಸಾವ್ ಬಂದು, ಬಂದವರು ಮೊದಲು ತಿನ್ನಬೇಕಾದ ಬೇಯಿಸಿದ ಗೋಧಿಯನ್ನು ಒಂದು ಚಮಚ ಬಾಯಿಗಿಟ್ಟುಕೊಂಡು, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರುತ್ತಾರೆ. ಟೋಪಿ ತೆಗೆದಿದ್ದಾರೆ.

ಹಬ್ಬದ ದಿನ ಮನೆಯ ಯಜಮಾನ ಕೂರುವ ಹಾಗಿಲ್ಲ. ರಾದಿಶಾ ನಿಂತೇ ಎಲ್ಲರಿಗೂ ಬಡಿಸುತ್ತಿದ್ದಾನೆ. ಮಿಲಿಸಾವ್ ಹತ್ತಿರ ಬಂದು, ಬಗ್ಗಿ, ಪುಟ್ಟ ಲೋಟಕ್ಕೆ ಪ್ಲಮ್ ಹಣ್ಣಿನ ಮದ್ಯ ರಾಕಿಯಾ ಸುರಿಯುತ್ತಾನೆ. ಲೋಟದ ಪಕ್ಕದಲ್ಲಿ ಇನ್ನೇನನ್ನೋ ಇಟ್ಟು ಮುಂದಿನವರ ಕಡೆಗೆ ಹೋಗುತ್ತಾನೆ.

ನೆಲಮಾಳಿಗೆಯ ಕೀಲಿಕೈ. ಮಿಲಿಸಾವ್ ಅದನ್ನು ಮೇಜಿನ ಕೆಳಗೆ ತೊಡೆಯ ಮೇಲಿಟ್ಟುಕೊಂಡು, ಬೆಂದ ಬೆರಳುಗಳಿಂದ ನಿಧಾನವಾಗಿ ಸೊಂಟದ ಬಳೆಯ ಕೆಂಪು ದಾರದ ಗಂಟು ಬಿಚ್ಚತೊಡಗುತ್ತಾರೆ.