ಹೊಟ್ಟೆಬಟ್ಟೆಯೊಳಗಿನ ಚೂರಿ

ಎಂಆರ್‌ಐ ಕೋಣೆಯ ಬಾಗಿಲಲ್ಲಿ ನಿಂತು ದಿನಕ್ಕೆ ಹತ್ತು ಸಲ ನಾನು ಹೇಳುವ ಮಾತು ಒಂದೇ: ಒಳಗಿನ ಅಯಸ್ಕಾಂತಕ್ಕೆ ರಜೆ ಇಲ್ಲ. ಯಂತ್ರ ಸದ್ದಿಲ್ಲದೆ ಸುಮ್ಮನಿದ್ದರೂ ಅದರ ಸೆಳೆತ ಇದ್ದೇ ಇರುತ್ತದೆ. ಕಬ್ಬಿಣ ಹತ್ತಿರ ಬಂದರೆ ಎಳೆದುಕೊಳ್ಳುತ್ತದೆ, ನಡುವೆ ಯಾರಿದ್ದಾರೆಂದು ನೋಡುವುದಿಲ್ಲ. ಆಮೇಲೆ ಪಟ್ಟಿ ಒಪ್ಪಿಸುತ್ತೇನೆ. ಸರ, ಬಳೆ, ಓಲೆ, ಕಾಲುಂಗುರ, ಪಿನ್ನು, ವಾಚು, ಮೊಬೈಲು, ಬೀಗದ ಕೈ. ಹದಿನಾಲ್ಕು ವರ್ಷ ಹೇಳಿ ಹೇಳಿ ಅದು ಮಗ್ಗಿಯಂತಾಗಿತ್ತು. ಮಗ್ಗಿ ಒಪ್ಪಿಸುವವರು ಎದುರಿಗಿದ್ದವರ ಮುಖ ನೋಡುವುದಿಲ್ಲ. ನಾನೂ ನೋಡುತ್ತಿರಲಿಲ್ಲ.

ನಾನು ಸಾಗರದ ಸ್ಕ್ಯಾನ್ ಸೆಂಟರೊಂದರಲ್ಲಿ ಟೆಕ್ನೀಷಿಯನ್. ಬೆಳೆದದ್ದು ಕಾರ್ಗಲ್ಲಿನ ಕ್ವಾರ್ಟರ್ಸಿನಲ್ಲಿ. ಅಪ್ಪ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದರು. ಯಂತ್ರದ ವಿಷಯ ನನಗೆ ಹುಟ್ಟಿನಿಂದಲೇ ಗೊತ್ತು ಎಂಬ ಜಂಬ ನನಗಿತ್ತು. ಅದನ್ನು ಮುಚ್ಚಿಟ್ಟುಕೊಂಡವಳೂ ಅಲ್ಲ.

ಆ ದಿನ ಹೊಸನಗರದ ಕಡೆಯಿಂದ ಒಬ್ಬಳು ಬಾಣಂತಿ ಬಂದಿದ್ದಳು. ಹೆರಿಗೆಯಾಗಿ ಇಪ್ಪತ್ತು ದಿನ, ತಡೆಯಲಾರದ ತಲೆನೋವು. ಜೊತೆಗೆ ಅವಳ ತಾಯಿ, ಮತ್ತು ಫೈಲು ಹಿಡಿದುಕೊಂಡು ಮೊಬೈಲಿನಲ್ಲಿ ಮಾತಾಡುತ್ತಿದ್ದ ಗಂಡ. ಬಟ್ಟೆ ಬದಲಿಸಿ ನಮ್ಮ ಗೌನು ಹಾಕಿಸುವುದು ನಿಯಮ. ತಾಯಿ ನನ್ನನ್ನು ಬದಿಗೆ ಕರೆದು, ಹೊಟ್ಟೆಗೆ ಸುತ್ತಿದ ಬಟ್ಟೆಯೊಂದನ್ನು ಬಿಚ್ಚಿಸಬೇಡಿ, ಹಸಿ ಮೈಗೆ ಗಾಳಿ ಹೊಕ್ಕರೆ ಕಷ್ಟ ಎಂದು ಕೇಳಿಕೊಂಡರು. ಹೊರಗೆ ಇನ್ನೂ ಮೂವರು ಕಾಯುತ್ತಿದ್ದರು, ಡಾಕ್ಟರು ಎರಡು ಸಲ ಫೋನು ಮಾಡಿದ್ದರು. ಬಟ್ಟೆ ತಾನೆ, ಇರಲಿ ಎಂದೆ. ಅವರು ನನ್ನ ತೋಳು ಹಿಡಿದರು.

"ಮೇಡಂ, ಅದ್ರೊಳಗೆ ಒಂದು..."

"ಆಯ್ತು ಅಂದ್ನಲ್ಲ ಅಮ್ಮ. ಹೊರಗೆ ಕೂತ್ಕೊಳ್ಳಿ."

ಅವರು ಹೋಗಿ ಕೂತರು. ನನ್ನಂಥವರು ಗದರಿದರೆ ಅವರಂಥವರು ಕೂರುತ್ತಾರೆ. ಒಡವೆ ಎಲ್ಲ ತೆಗೆದಿದ್ದೀಯಾ ಎಂದು ಮಗಳನ್ನು ಕೇಳಿದೆ. ತೆಗೆದಿದ್ದೇನೆ ಎಂದಳು. ಅದು ಸುಳ್ಳಲ್ಲ, ಕಬ್ಬಿಣವನ್ನು ಯಾರೂ ಒಡವೆ ಎನ್ನುವುದಿಲ್ಲ. ಮೈಮೇಲೆ ಆಡಿಸಿ ಲೋಹ ಹುಡುಕುವ ಕೋಲು ಬಾಗಿಲ ಪಕ್ಕದಲ್ಲೇ ತೂಗುಹಾಕಿತ್ತು. ಅದನ್ನು ಕೈಗೆ ತೆಗೆದುಕೊಳ್ಳಲು ಬೇಕಿದ್ದದ್ದು ಅರ್ಧ ನಿಮಿಷ.

ಅವಳನ್ನು ಮಲಗಿಸಿ ಮೇಜನ್ನು ಒಳಕ್ಕೆ ಸರಿಸುವಾಗ ಹೊಟ್ಟೆಯ ಬಟ್ಟೆ ಒಮ್ಮೆ ಎದ್ದು ನಿಂತಂತೆ ಕಂಡಿತು. ನಾನು ಮೇಜು ನಿಲ್ಲಿಸುವಷ್ಟರಲ್ಲಿ ಅದರ ಮಡಿಕೆಯಿಂದ ಬೆರಳುದ್ದದ ಅಡಿಕೆ ಚೂರಿಯೊಂದು ಹಾರಿ, ಅವಳ ಹುಬ್ಬು ಸೀಳಿಕೊಂಡು ಹೋಗಿ ಯಂತ್ರದ ಒಳಮೈಗೆ ಬಡಿದು ಅಂಟಿಕೊಂಡಿತು. ನಾಲ್ಕು ಹೊಲಿಗೆ. ಗಾಯಕ್ಕೂ ಕಣ್ಣಿಗೂ ನಡುವೆ ಒಂದು ಬೆರಳಿನ ಜಾಗವೂ ಇರಲಿಲ್ಲ.

ಬಾಣಂತಿ ಹೊಸಿಲು ದಾಟುವಾಗ ಮೈಮೇಲೆ ಕಬ್ಬಿಣ ಇರಬೇಕು. ನಮ್ಮ ಕಡೆ ಇದು ಹೇಳಿಕೊಡಬೇಕಾದ ವಿಷಯವೇ ಅಲ್ಲ. ಗಾಳಿ ಸೋಕದಿರಲಿ, ದೃಷ್ಟಿ ತಾಗದಿರಲಿ ಎಂದು ಮೊಳೆಯೋ ಚೂರಿಯೋ ಸೊಂಟಕ್ಕೆ ಸೇರುತ್ತದೆ. ನನಗೆ ಮಗಳು ಹುಟ್ಟಿದಾಗ ಅಮ್ಮ ಕೊಟ್ಟದ್ದೂ ಇಂಥದೇ ಚೂರಿ. ಫಿಸಿಕ್ಸ್ ಓದಿದವಳಿಗೆ ಇದೆಲ್ಲ ಯಾಕೆ ಎಂದು ನಕ್ಕಿದ್ದೆ. ನಕ್ಕು, ಲಸಿಕೆ ಹಾಕಿಸಲು ಹೊರಟಾಗಲೆಲ್ಲ ತಪ್ಪದೆ ಸಿಕ್ಕಿಸಿಕೊಂಡಿದ್ದೆ. ಹಾಗಾಗಿ ಆ ಹೊಟ್ಟೆಬಟ್ಟೆಯಲ್ಲಿ ಏನಿರಬಹುದೆಂದು ಆ ಸೆಂಟರಿನಲ್ಲಿ ಯಾರಿಗಾದರೂ ಹೊಳೆಯಬೇಕಿದ್ದರೆ ಅದು ನನಗೆ.

ಇಷ್ಟಕ್ಕೇ ನಿಂತಿದ್ದರೆ ಅದು ಅವಸರದ ತಪ್ಪಾಗುತ್ತಿತ್ತು. ಗಂಡ ಕೂಗಾಡಿಕೊಂಡು ಬಂದಾಗ ನನಗೆ ಕೆಲಸ ಹೋಯಿತು ಅನ್ನಿಸಿತು. ನಾನು ಆ ತಾಯಿಯ ಕಡೆ ತಿರುಗಿ, ಕೇಳಿದಾಗ ಯಾಕೆ ಹೇಳಲಿಲ್ಲ ಎಂದು ಎಲ್ಲರೆದುರು ಗದರಿದೆ. ಹೇಳೋಕೆ ಬಂದಿದ್ದೆ ಎಂದು ಅವರು ಮೆಲ್ಲಗೆ ಅಂದರು.

"ನನ್ನ ಹತ್ರ ಯಾರೂ ಏನೂ ಹೇಳಿಲ್ಲ," ಎಂದೆ.

ಅದನ್ನೇ ವರದಿಯಲ್ಲೂ ಬರೆದೆ: ರೋಗಿಯ ಕಡೆಯವರು ಲೋಹದ ವಸ್ತುವನ್ನು ಬಚ್ಚಿಟ್ಟಿದ್ದರು. ಕಳ್ಳನಿಗೊಂದು ಪಿಳ್ಳೆ ನೆವ ಅನ್ನುತ್ತಾರಲ್ಲ, ನನಗೆ ಅವರ ಮೂಢನಂಬಿಕೆಯೇ ನೆವವಾಯಿತು. ಎಲ್ಲರೂ ನಂಬಿದರು. ಹಳ್ಳಿಯ ಹೆಂಗಸು, ಬಾಣಂತಿ, ಕಬ್ಬಿಣ ಎಂದ ಮೇಲೆ ಯಾರೂ ಮುಂದಕ್ಕೆ ಕೇಳಲಿಲ್ಲ. ಬೇರೆ ಊರಿನಲ್ಲಿ ಸ್ಕ್ಯಾನ್ ಆಗಿ, ಹುಡುಗಿಯ ತಲೆಯಲ್ಲಿ ಭಯಪಡುವಂಥದ್ದೇನೂ ಇಲ್ಲವೆಂದು ಗೊತ್ತಾಯಿತು. ನಾನು ಉಸ್ಸೆಂದು ಮರೆಯಲು ನೋಡಿದೆ.

ಐದು ತಿಂಗಳಾದ ಮೇಲೆ ಅದೇ ಊರಿನ ಹೆಂಗಸೊಬ್ಬಳು ಮಂಡಿಯ ಸ್ಕ್ಯಾನ್ ಮಾಡಿಸಲು ಬಂದಳು. ಆ ಚೂರಿಯ ಕತೆಯನ್ನು ನನಗೇ ಹೇಳಿದಳು. ಆ ತಾಯಿಯ ಅಳಿಯ ಮರುದಿನವೇ ಹೆಂಡತಿ ಮಗುವನ್ನು ತೀರ್ಥಹಳ್ಳಿಯ ತನ್ನ ಮನೆಗೆ ಕರೆದುಕೊಂಡು ಹೋದನಂತೆ. ಬಾಣಂತನ ಅರ್ಧಕ್ಕೇ ನಿಂತಿತು. ಸುಳ್ಳು ಹೇಳಿ ಸ್ವಂತ ಮಗಳ ಕಣ್ಣು ತೆಗೆಯಲು ಹೊರಟವಳ ಕೈಗೆ ಕೂಸು ಕೊಡುವುದಿಲ್ಲ ಎಂದು ಬೀಗರು ಹೇಳಿಬಿಟ್ಟರಂತೆ. ಅಜ್ಜಿ ಆಮೇಲೆ ಮೊಮ್ಮಗಳನ್ನು ಎತ್ತಿಕೊಂಡೇ ಇಲ್ಲ. ನಾನು ಆ ಹೆಂಗಸಿಗೆ ಮಗ್ಗಿ ಒಪ್ಪಿಸಲು ಹೋದೆ, ಮಾತು ತಪ್ಪಿತು.

ಮುಂದಿನ ಭಾನುವಾರ ಹೊಸನಗರದ ಬಸ್ಸು ಹತ್ತಿದೆ. ಧೈರ್ಯದಿಂದ ಹೋದೆ ಎನ್ನಲಾರೆ. ದಾರಿಯುದ್ದಕ್ಕೂ ಒಂದು ನಯವಾದ ವಾಕ್ಯ ಕಟ್ಟುತ್ತಿದ್ದೆ: ಸಣ್ಣ ತಪ್ಪು ತಿಳಿವಳಿಕೆ ಆಗಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಆ ತಾಯಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ರಸ್ತೆ ಪಕ್ಕದ ಎರಡು ಕೋಣೆಯ ಮನೆಯ ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ನನ್ನನ್ನು ಕಂಡದ್ದೇ ಗುರುತಿಸಿ, ಎದ್ದು ಕುರ್ಚಿ ಒರೆಸಿದರು. ಆ ಯಂತ್ರಕ್ಕೆ ಏನಾದರೂ ಆಯಿತಾ ಎಂದು ಹೆದರಿ ಕೇಳಿದರು. ಆ ಪ್ರಶ್ನೆ ಕೇಳಿ ನನ್ನ ನಯದ ವಾಕ್ಯವನ್ನು ಕೈಬಿಟ್ಟೆ. ಅವತ್ತು ನೀವು ಹೇಳಲು ಬಂದಿದ್ದಿರಿ, ನಾನು ಬಾಯಿ ಮುಚ್ಚಿಸಿದೆ, ಆಮೇಲೆ ಸುಳ್ಳು ಹೇಳಿದೆ ಎಂದೆ.

ಅವರು ಬೈಯಲಿಲ್ಲ. ಮೊರವನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

"ಹಂಗಾದ್ರೆ ನಾನು ಹೇಳೋಕೆ ಬಂದಿದ್ದು ಹೌದಾ? ಎಲ್ರೂ ಇಲ್ಲ ಇಲ್ಲ ಅಂದು ಅಂದು, ನಂಗೇ ಅನುಮಾನ ಬಂದಿತ್ತು ಮೇಡಂ. ಕೂಸು ಕೊಟ್ಟಿದ್ರೂ ಮುಟ್ಟೋಕೆ ನಂಗೇ ಹೆದ್ರಿಕೆ ಆಗ್ತಿತ್ತು."

ನನಗೆ ನಾಚಿಕೆಯಾಯಿತು. ಅವರ ಮೊಮ್ಮಗಳನ್ನು ಮಾತ್ರವಲ್ಲ, ಅವರ ನೆನಪನ್ನೂ ನಾನು ಕಸಿದುಕೊಂಡಿದ್ದೆ. ಅಲ್ಲೇ ಅವರಿಂದ ನಂಬರು ಪಡೆದು ಅಳಿಯನಿಗೆ ಫೋನು ಮಾಡಿದೆ. ನಾನು ಯಾರೆಂದು ಹೇಳಿದೆ. ನಿಮ್ಮ ಅತ್ತೆ ಹೇಳಲು ಬಂದಿದ್ದರು, ಕೇಳಿಸಿಕೊಳ್ಳದೆ ಸುಳ್ಳು ಹೇಳಿದವಳು ನಾನು, ನಾಳೆ ವರದಿಯನ್ನೂ ತಿದ್ದಿ ಬರೆದುಕೊಡುತ್ತೇನೆ ಎಂದೆ. ಆತ ಫೋನನ್ನು ಇಡಲಿಲ್ಲ. ಹಿಂದೆ ಎಲ್ಲೋ ಮಗು ಅಳುತ್ತಿತ್ತು.

ಆಕೆ ಹತ್ತಿರ ಬಂದು ನನ್ನ ಕೈಯ ಫೋನಿಗೆ ಕಿವಿ ಒತ್ತಿದರು.

"ಕೂಸು ಬೆಳ್ದಿದೆ, ಅಳು ದಪ್ಪ ಆಗಿದೆ," ಅಂದರು.